ಸಾಲು ಹೇಳಿಕೊಟ್ಟವಳು

ಅಮೆರಿಕದ ಉತ್ತರ ಭಾಗದ ಆ ಹತ್ತಿ ಗಿರಣಿ ಊರಿನ ಚರ್ಚಿನಲ್ಲಿ ಹಾಡಿನ ಪುಸ್ತಕ ಇದ್ದದ್ದು ಒಂದೇ. ಒಬ್ಬರು ಸಾಲು ಹೇಳಿಕೊಡಬೇಕು, ಸಭೆಯೆಲ್ಲ ಅದನ್ನೇ ಎಳೆದು ಹಾಡಬೇಕು. ನಲವತ್ತು ವರ್ಷದಿಂದ ಹೀಗೇ. ಕಿವಿಗೆ ಬಿದ್ದದ್ದು ಬಾಯಿಂದ ಹೊರಡುತ್ತಿತ್ತು. ನಡುವೆ ತಲೆಗೆ ಕೆಲಸವೇ ಇರಲಿಲ್ಲ.

ವೆಸ್ಟ್ ಇಂಡೀಸಿನ ಗುಲಾಮರಿಗೆ ಬಿಡುಗಡೆಯಾದ ಆಗಸ್ಟ್ ಒಂದರ ಪ್ರಾರ್ಥನೆಗೆಂದು ಕೆಜಾಯ ಹಾಡು ಕಟ್ಟಿದಳು. ಹನ್ನೊಂದು ವರ್ಷದಿಂದ ಗಿರಣಿ ಯಜಮಾನ ಹ್ಯಾಪ್‌ಗುಡ್‌ನ ಮನೆಯ ಬಟ್ಟೆ ಒಗೆಯುತ್ತಿದ್ದವಳು ಅವಳು. ಅದಕ್ಕೆ ಮೊದಲು ಅವಳೂ ಗುಲಾಮಳೇ; ವರ್ಜೀನಿಯಾದ ಒಡತಿ ಸಾಯುವಾಗ ಉಯಿಲಿನಲ್ಲಿ ಇವಳಿಗೆ ಬಿಡುಗಡೆ ಬರೆದಳು, ತಂಗಿ ತಾಮಾರಳನ್ನು ತನ್ನ ಅಳಿಯನಿಗೆ ಬರೆದಳು. ಆ ಪುಣ್ಯಾತ್ಮ ಅವಳನ್ನು ಜಾರ್ಜಿಯಾದ ಹತ್ತಿ ಹೊಲಕ್ಕೆ ಮಾರಿದ.

ಶನಿವಾರ ಚರ್ಚಿನ ಹಿರಿಯ, ಡೀಕನ್ ಥ್ವಿಂಗ್ ಬಂದ. ಹಲ್ಲು ಬಿದ್ದ ಮೇಲೆ ಅವನು ಹೇಳಿಕೊಡುವ ಸಾಲು ಸಭೆಗೆ ತಿಳಿಯುತ್ತಿರಲಿಲ್ಲ. ಅದಕ್ಕೇ ಈ ಸಲ ಸಾಲು ಹೇಳಿಕೊಡುವುದು ಕೆಜಾಯಳ ಪಾಲಿಗೆ ಬಂದಿತ್ತು.

"ಮೊದಲ ಎರಡು ಪದ್ಯ ಚೆನ್ನಾಗಿವೆ ತಂಗಿ. ಮೂರನೇದು ಬೇಡ. ಚರ್ಚಿಗೆ ಚಾವಣಿ ಹಾಕಿಸಿದ್ದು ಯಾರು, ಗೊತ್ತಲ್ಲ?"

"ಹತ್ತಿ ಬಿಡಿಸಿದ್ದು ಯಾರು ಅಂತಾನೂ ಗೊತ್ತು ಡೀಕನ್ನೋರೆ."

"ಸುಮ್ನೆ ಅನ್ನದ ತಟ್ಟೆಗೆ ಕಲ್ಲು ಹಾಕ್ಕೋಬೇಡ."

ಈ ಊರಿನಲ್ಲಿ ತಾಮಾರಳ ಹೆಸರನ್ನು ಒಂದು ನರಪಿಳ್ಳೆಯೂ ಉಚ್ಚರಿಸಿರಲಿಲ್ಲ. ಹತ್ತು ಜನರ ಬಾಯಲ್ಲಿ ಆ ಹೆಸರು ಬರುವುದಷ್ಟೇ ಅವಳಿಗೆ ಬೇಕಾಗಿತ್ತು, ಅದು ಬೇಕೇ ಬೇಕಾಗಿತ್ತು.

ಮರುದಿನ ಕರಿಯರು ಕೂರುವ ಅಟ್ಟಣೆಯಲ್ಲಿ ನಿಂತು ಅವಳು ಹೇಳಿಕೊಟ್ಟಳು. ಎರಡು ಪದ್ಯ ಸರಾಗವಾಗಿ ಸಾಗಿದವು. ಅವಳು ನಿಲ್ಲಿಸಲಿಲ್ಲ.

"ತಾಮಾರ್ ಬಿಡಿಸಿದ ಹತ್ತಿಯಿದು."

ಸಭೆ ಹಾಡಿತು. ತನ್ನ ಕಂಠದ ಬಗ್ಗೆ ಬಲು ಜಂಬವಿದ್ದ ಹ್ಯಾಪ್‌ಗುಡ್ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದ.

"ಬೆರಳಿನ ರಕ್ತ ಆರಿಲ್ಲ."

ಅದನ್ನೂ ಹಾಡಿದರು.

"ನೂತವರು ನಾವು, ಉಟ್ಟವರು ನಾವು."

ಹಾಡುತ್ತಾ ಹಾಡುತ್ತಾ ಹ್ಯಾಪ್‌ಗುಡ್‌ನ ಬಾಯಿ ಅರ್ಧಕ್ಕೇ ನಿಂತಿತು. ಎದ್ದು ಮೇಲೆ ನೋಡಿದ.

"ಸಾಕು, ನಿಲ್ಲಿಸು."

ಕೆಜಾಯ ಮುಂದಿನ ಸಾಲು ಹೇಳಿದಳು: "ಕೈ ತೊಳೆದರೆ ಹೋಗುವುದಿಲ್ಲ."

ಯಾರೂ ತುಟಿ ಬಿಚ್ಚಲಿಲ್ಲ. ಈಗ ಅರ್ಥ ತಿಳಿದಿತ್ತು. ತಿಳಿದೂ ಹಾಡುವುದು ಬೇರೆ ಮಾತು. ಅವಳು ಅಟ್ಟಣೆಯ ಕಟಕಟೆ ಹಿಡಿದು ಅದೇ ಸಾಲನ್ನು ಇನ್ನೊಮ್ಮೆ ಹೇಳಿದಳು. ಹಿಂದಿನ ಬೆಂಚಿನಲ್ಲಿ ನೂಲುವ ಹೆಣ್ಣೊಬ್ಬಳು ಅಪಸ್ವರದಲ್ಲೇ ಶುರು ಮಾಡಿದಳು. ಪಕ್ಕದವಳು ಸೇರಿದಳು, ಆಮೇಲೆ ಆ ಇಡೀ ಬೆಂಚು, ಕೊನೆಗೆ ಬೊಚ್ಚು ಬಾಯಿಯ ಡೀಕನ್ನೂ.

ಪ್ರಾರ್ಥನೆ ಮುಗಿದಾಗ ಬಾಗಿಲಲ್ಲಿ ಹ್ಯಾಪ್‌ಗುಡ್ ಹೆಂಡತಿಯೊಡನೆ ಕಾದು ನಿಂತಿದ್ದ.

"ನಾಳೆಯಿಂದ ಬಟ್ಟೆ ಒಗೆಯೋಕೆ ಬರಬೇಡ."

"ಬರಲ್ಲ ಸ್ವಾಮಿ. ಆದ್ರೆ ನನ್ನ ತಂಗಿ ಹೆಸರು ನೀವೂ ಹಾಡಿದ್ರಿ. ಅದನ್ನ ವಾಪಸ್ ತಗೊಳ್ಳೋಕಾಗಲ್ಲ."

ಅವನು ದುರುಗುಟ್ಟಿಕೊಂಡು ಗಾಡಿಯ ಕಡೆ ನಡೆದ. ಹೆಂಡತಿ ಹಿಂದೆಯೇ ಹೋಗಲಿಲ್ಲ. ಹನ್ನೊಂದು ವರ್ಷ ಇವಳ ಕೈಯಿಂದ ಮಡಿಸಿದ ಬಟ್ಟೆ ಇಸಿದುಕೊಂಡಿದ್ದಳು, ಒಂದು ದಿನವೂ ಏನೂ ಕೇಳಿರಲಿಲ್ಲ.

"ತಾಮಾರ್‌ಗೆ ಈಗ ವಯಸ್ಸೆಷ್ಟು?"

"ಇಪ್ಪತ್ತೊಂಬತ್ತು ಅಮ್ಮಾವ್ರೆ," ಎಂದಳು ಕೆಜಾಯ. "ಬದುಕಿದ್ರೆ."