ನೇಗಿಲು ಮುಟ್ಟದ ಹುಲ್ಲು

ಮುನಿವೆಂಕಟಮ್ಮ ಹೇಳಬೇಕಾಗಿದ್ದದ್ದು ಒಂದೇ ಒಂದು ಮಾತು. "ನಮ್ಮಪ್ಪನ ಕಾಲದಿಂದ್ಲೂ ಇಲ್ಲಿ ರಾಗಿ ಬೆಳೀತಿದ್ವಿ ಸ್ವಾಮಿ." ಇಷ್ಟು ಹೇಳಿ ಬಾಯಿಗೆ ಬೀಗ ಹಾಕಿಕೊಂಡು ನಿಂತರೆ ಸಾಕು. ಅಣ್ಣನ ಮಗ ನಾಗೇಶ ಒಂದು ವಾರದಿಂದ ಗಿಣಿಗೆ ಕಲಿಸಿದ ಹಾಗೆ ಕಲಿಸಿದ್ದ.

ಮಾತು ಸುಳ್ಳು. ಅಮೃತಹಳ್ಳಿಯ ಅಂಚಿನಲ್ಲಿ, ತಣಿಸಂದ್ರದ ಪಕ್ಕ ಎರಡು ಅಪಾರ್ಟ್‌ಮೆಂಟ್ ಕಾಂಪೌಂಡುಗಳ ನಡುವೆ ಸಿಕ್ಕಿಕೊಂಡು ಉಳಿದಿದ್ದ ಆ ಒಂದೂವರೆ ಎಕರೆ, ಊರ ದನಕುರಿ ಮೇಯುತ್ತಿದ್ದ ಗೋಮಾಳ. ಅಲ್ಲಿ ಯಾರ ಅಪ್ಪನೂ ರಾಗಿ ಬೆಳೆದಿರಲಿಲ್ಲ. ಊರಿಗೆಲ್ಲ ಅದು ಗೊತ್ತಿತ್ತು, ಆದರೆ ಆ ಊರಿನಲ್ಲಿ ಹಳಬರು ಎಷ್ಟು ಜನ ಉಳಿದಿದ್ದರು? ಉಳಿದ ನಾಲ್ಕು ಮನೆಯವರ ಬಾಯನ್ನೂ ನಾಗೇಶ ಮುಚ್ಚಿಸಿದ್ದ. ಅವನು ಬಿಲ್ಡರ್. ತಾತ ಉಳುಮೆ ಮಾಡಿದ ಜಮೀನು ಎಂದು ಕಾಗದ ಹುಟ್ಟಿಸಿ, ಲೇಔಟಿನ ನಕ್ಷೆಯನ್ನೂ ಬರೆಸಿಟ್ಟಿದ್ದ. ಅಷ್ಟರಲ್ಲಿ ಯಾರೋ ಕೋರ್ಟಿಗೆ ಹೋದರು. ಸ್ಥಳ ನೋಡಿ ವರದಿ ಕೊಡಿ ಎಂದು ಕೋರ್ಟು ಮೂರು ಜನರನ್ನು ನೇಮಿಸಿತು.

ಮುನಿವೆಂಕಟಮ್ಮ ಸುಳ್ಳಿಗೆ ಒಪ್ಪಿದ್ದು ಒಂದು ಸೈಟಿನ ಆಸೆಗೆ. "ಕೆಲ್ಸ ಆದ್ರೆ ಮೂಲೆ ಸೈಟು ನಿಂದೇ ಅತ್ತೆ, ನಿನ್ ಹೆಸ್ರಿಗೇ ರಿಜಿಸ್ಟರ್," ಎಂದಿದ್ದ ನಾಗೇಶ. ಗಂಡ ಸತ್ತ ವರ್ಷವೇ ತವರಿಗೆ ಬಂದವಳು ಅವಳು. ಅಮೃತಹಳ್ಳಿಯಲ್ಲಿ ಅಪ್ಪನ ಜಮೀನು ತುಂಡು ತುಂಡಾಗಿ ಮಾರಾಟವಾದಾಗೆಲ್ಲ ಅಣ್ಣ ಲಕ್ಕಣ್ಣ "ತವರಿನ ಉಡುಗೊರೆ" ಅಂತ ಒಂದು ಸೀರೆ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ನಾಲ್ಕು ಅಂತಸ್ತು ಬಾಡಿಗೆ ಮನೆ ಕಟ್ಟಿಸಿದ ಅಣ್ಣ ತಂಗಿಗೆ ಕೊಟ್ಟದ್ದು ಮೆಟ್ಟಿಲ ಕೆಳಗಿನ ಕೋಣೆ. ಮೋಟಾರು ಹಾಕುವುದು, ಮೆಟ್ಟಿಲು ಗುಡಿಸುವುದು ಅವಳ ಪಾಲು. ಅರವತ್ತಾರನೇ ವಯಸ್ಸಿನಲ್ಲಿ ತನ್ನದು ಅಂತ ಒಂದು ಬಾಗಿಲು ಇರಲಿ ಎಂದು ಆಸೆಪಟ್ಟರೆ ಅದನ್ನು ದುರಾಸೆ ಎನ್ನುವವರ ನಾಲಗೆ ಸೇದಿಹೋಗಲಿ.

ಬಂದವರಲ್ಲಿ ಒಬ್ಬರು ವಕೀಲರು, ಒಬ್ಬರು ಸರ್ವೆಯವರು. ಮೂರನೆಯವಳು ಗಿಡಮರಗಳ ವಿಷಯ ಓದಿದವಳು, ಗಂಗಾನಗರದ ನಿಶಾತ್, ಮೂವತ್ತು ದಾಟಿರದ ಹುಡುಗಿ. ಮುನಿವೆಂಕಟಮ್ಮ ತನ್ನ ಮಾತನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು. ವಕೀಲರು ಬರೆದುಕೊಂಡರು. ನಾಗೇಶ ಎಳನೀರು ತರಿಸಿದ. ಎಲ್ಲ ಸುಸೂತ್ರ.

ಆಗ ನಿಶಾತ್ ಮೋರಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಹಸಿರು ದಂಟೊಂದನ್ನು ಕಿತ್ತು ಎತ್ತಿ ಹಿಡಿದಳು. "ಇದೂ ಗರಿಕೆ ಜಾತಿ ಹುಲ್ಲೇ ಇರ್ಬೇಕು, ಅಲ್ವಾ?" ಎಂದಳು, ಯಾರನ್ನೂ ನೋಡದೆ.

ರಾಗಿ ಹೊಲದಲ್ಲಿ ಕಳೆ ಕೀಳುವ ಹೆಂಗಸರಿಗೆ ಒಂದು ಕಟ್ಟುಪಾಡು ಉಂಟು. ಎಳೆಯದರಲ್ಲಿ ರಾಗಿಯೂ ಕಾಡು ರಾಗಿಯೂ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಪಕ್ಕದ ಸಾಲಿನವಳ ಕೈ ತಪ್ಪು ಗಿಡದ ಮೇಲೆ ಬಿದ್ದರೆ ನೋಡಿದವಳು ಆ ಕ್ಷಣವೇ ಕೂಗಬೇಕು, ಅವಳು ಸ್ವಂತ ಅತ್ತೆಯಾಗಿರಲಿ, ಹೊಲದ ಒಡತಿಯೇ ಆಗಿರಲಿ. ಸುಮ್ಮನಿದ್ದರೆ ಅನ್ನ ಕಿತ್ತ ಪಾಪ ಇಬ್ಬರಿಗೂ. ಮುನಿವೆಂಕಟಮ್ಮ ಏಳನೇ ವಯಸ್ಸಿಗೇ ಸಾಲು ಹಿಡಿದವಳು. ಅವಳು ಯೋಚಿಸುವ ಮೊದಲೇ ಬಾಯಿ ಕೂಗಿಬಿಟ್ಟಿತ್ತು.

"ಅದು ಉಲ್ಲಲ್ಲ ಕಣವ್ವ, ಜೇಕು! ದಂಟ್ನ ಬೆರಳಲ್ಲಿ ಉರುಳ್ಸಿ ನೋಡು. ಮೂರು ಮೂಲೆ ತಗುಲ್ತದಾ? ಗೆಣ್ಣು ಐತಾ? ಇಲ್ಲ. ಉಲ್ಲಾದ್ರೆ ದಂಟು ಗುಂಡಗೋ ಚಪ್ಪಟೆಗೋ ಇರ್ತದೆ, ಗೆಣ್ಣಂತೂ ಇದ್ದೇ ಇರ್ತದೆ."

ನಿಶಾತ್ ಕಣ್ಣರಳಿಸಿದಳು. "ಹೌದಾ ಅಮ್ಮ? ಮತ್ತೆ ಇದು?"

ಮುನಿವೆಂಕಟಮ್ಮನನ್ನು ಯಾರಾದರೂ ಹೀಗೆ ಕೇಳಿ ಎಷ್ಟು ಕಾಲವಾಗಿತ್ತು! ಮೋಟಾರು ಹಾಕಿದೆಯಾ, ಗೇಟು ಹಾಕಿದೆಯಾ, ಇಷ್ಟೇ ಜನ ಅವಳನ್ನು ಕೇಳುತ್ತಿದ್ದ ಪ್ರಶ್ನೆಗಳು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹುಲ್ಲಿನೊಳಕ್ಕೆ ಇಳಿದೇಬಿಟ್ಟಳು. ಗರಿಕೆ ನೆಲಕ್ಕೆ ತಗುಲಿದ ಗೆಣ್ಣುಗೆಣ್ಣಿಗೂ ಬೇರು ಬಿಡುವುದನ್ನು ತೋರಿಸಿದಳು. ಸೊಂಟದುದ್ದದ ಇನ್ನೊಂದು ಹುಲ್ಲಿನ ತೆನೆ ಹಿಡಿದು, ಕಪ್ಪು ಎಳೆಗಳು ತುದಿಯಲ್ಲಿ ಜಡೆ ಹೆಣೆದುಕೊಂಡಿದ್ದದ್ದನ್ನು ಬಿಡಿಸಿ, ಒಂದು ಕಾಳಿನ ಮೊನೆಯನ್ನು ಹುಡುಗಿಯ ಅಂಗೈಗೆ ಚುಚ್ಚಿ ತೋರಿಸಿದಳು.

"ಸೂಜಿ ಉಲ್ಲು. ನೀರು ತಾಗಿದ್ರೆ ಈ ಎಳೆ ತಿರುಗ್ತಾ ತಿರುಗ್ತಾ ಕಾಳ್ನ ಮಣ್ಣೊಳಕ್ಕೆ ಇಳಿಸ್ತದೆ. ಕುರಿ ಚರ್ಮಕ್ಕೂ ಇಳೀತದೆ. ಅದ್ಕೇ ತೆನೆ ಬಿಟ್ಮೇಲೆ ಇಲ್ಲಿಗೆ ಕುರಿ ಬಿಡ್ತಿರ್ಲಿಲ್ಲ."

"ಅತ್ತೆ," ಎಂದ ನಾಗೇಶ. ಅವಳಿಗೆ ಕೇಳಿಸಲಿಲ್ಲ.

"ಹೊಲದಲ್ಲೂ ಬರುತ್ತಾ ಇದು?" ಎಂದು ಕೇಳಿದಳು ನಿಶಾತ್.

"ಎಲ್ಲಾದ್ರೂ ಉಂಟಾ! ನೇಗ್ಲು ತಾಗಿದ್ರೆ ಇದು ಹತ್ತೊರ್ಸ ತಲೆ ಎತ್ತಲ್ಲ. ಉತ್ತ ಮಣ್ಣಲ್ಲಿ ಬರೋದು ಕಾಡು ರಾಗಿ, ಬುಡ ಯಾರೋ ತುಳ್ದಂಗೆ ಚಪ್ಪಟೆಗಿರ್ತದೆ. ಇಡೀ ಜಾಗ ಉಡುಕಿ ಒಂದು ಕಾಡು ರಾಗಿ ತೋರ್ಸು ನೋಡಾನ. ಈ ನೆಲ ಯಾವತ್ತೂ ನೇಗ್ಲು ಕಂಡಿಲ್ಲ ಕಣವ್ವ!"

ವಕೀಲರ ಪೆನ್ನು ಓಡುತ್ತಿತ್ತು. ಎಳನೀರು ಕುಡಿಯುತ್ತಿದ್ದ ಸರ್ವೆಯವರು ತಲೆಯೆತ್ತಿದರು. ತಾನು ಏನು ಹೇಳಿಬಿಟ್ಟೆನೆಂಬುದು ಮುನಿವೆಂಕಟಮ್ಮನಿಗೆ ತಿಳಿದದ್ದು ನಾಗೇಶನ ಮುಖ ನೋಡಿದ ಮೇಲೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆ ಸಂಜೆ ಲಕ್ಕಣ್ಣ ಮೆಟ್ಟಿಲ ಬಳಿ ನಿಂತು ಬಾಡಿಗೆಯವರಿಗೆಲ್ಲ ಕೇಳಿಸುವ ಹಾಗೆ ಕೂಗಾಡಿದ.

"ಉಂಡ ಮನೆಗೆ ಎರಡು ಬಗದ್ಯಲ್ಲೇ ಮುನಿವೆಂಕ್ಟಿ! ಯಾರ್ ಕೇಳಿದ್ರು ನಿನ್ ಉಲ್ಲಿನ ಪುರಾಣಾನ?"

"ಆ ಉಡ್ಗಿ ಕೇಳಿದ್ಲಲ್ಲಣ್ಣ. ನೀವ್ಯಾರು ಯಾವತ್ತು ಕೇಳಿದ್ರಿ?"

ನಾಲ್ಕು ತಿಂಗಳ ಮೇಲೆ ಕೋರ್ಟು ಆ ಜಾಗ ಗೋಮಾಳವೇ ಎಂದು ತೀರ್ಮಾನಿಸಿತು. ತಿಂಗಳೊಳಗೆ ರೂಮು ಖಾಲಿಯಾಗಬೇಕು, ಸೆಕ್ಯೂರಿಟಿಯವನಿಗೆ ಬೇಕು ಎಂದು ಲಕ್ಕಣ್ಣ ಅವತ್ತೇ ಹೇಳಿ ಕಳಿಸಿದ. ಎದುರಿಗೆ ಬಂದು ಹೇಳಲೂ ಇಲ್ಲ. ಸೈಟು ಹೋಯಿತು, ಇದ್ದ ಕೋಣೆಯೂ ಹೋಯಿತು. ಗೋಮಾಳವಾದರೂ ಉಳಿಯಿತೇ? ಪಾಲಿಕೆಯವರು ಬೇಲಿ ಹಾಕಿದರು. ಹದಿನೈದೇ ದಿನಕ್ಕೆ ಜೆಸಿಬಿ ತಂದು ಸೂಜಿ ಹುಲ್ಲು, ಗರಿಕೆ ಎನ್ನದೆ ನೆಲ ಹೆರೆದು, ಎಲ್ಲಿಂದಲೋ ಸುರುಳಿ ಸುತ್ತಿ ತಂದ ಲಾನನ್ನು ಹಾಸಿ ಪಾರ್ಕು ಎಂದರು.

ಇಷ್ಟಾದರೂ ಮುನಿವೆಂಕಟಮ್ಮ ಅಳಲಿಲ್ಲ. ಒಂದು ಸಮಾಧಾನ ಅವಳೊಳಗೆ ಗಟ್ಟಿಯಾಗಿ ಕುಳಿತಿತ್ತು. ತನಗೆ ಗೊತ್ತಿದ್ದದ್ದು ತನ್ನ ಜೊತೆ ಮಣ್ಣಿಗೆ ಹೋಗುವುದಿಲ್ಲ, ಓದಿದ ಹುಡುಗಿಯೊಬ್ಬಳು ಅದನ್ನು ತನ್ನಿಂದ ಕಲಿತಿದ್ದಾಳೆ ಎಂದುಕೊಳ್ಳುತ್ತಿದ್ದಳು.

ಕೋಣೆ ಬಿಡುವ ಹಿಂದಿನ ದಿನ ಬೆಳಿಗ್ಗೆ ನಿಶಾತ್ ವಿಳಾಸ ಕೇಳಿಕೊಂಡು ಬಂದಳು. ಸುದ್ದಿ ತಿಳಿದು ಅವಳ ಮುಖ ಬಾಡಿತ್ತು. ಮುನಿವೆಂಕಟಮ್ಮನಿಗೋ ಹಿಗ್ಗು. ಎಲ್ಲಿಗೆ ಹೋಗುವುದೆಂದು ಗೊತ್ತಿಲ್ಲದೆಯೇ ಕಟ್ಟುತ್ತಿದ್ದ ಗಂಟನ್ನು ಬದಿಗೆ ತಳ್ಳಿ ಚಾಪೆ ಹಾಸಿದಳು.

"ಕುಂತ್ಕಾ. ಕಲಿಸಿದ್ದು ನೆಪ್ಪೈತಾ? ಕಾಡು ರಾಗಿ ಎಂಗಿರ್ತದೆ, ಅನ್ನು ನೋಡಾನ."

ಬೇರೇನೋ ಹೇಳಲು ಬಂದಿದ್ದ ನಿಶಾತ್ ದಾರಿ ಕಾಣದೆ ಪಾಠ ಒಪ್ಪಿಸಿದಳು. "ಬುಡ ಚಪ್ಪಟೆ, ಬೆಳ್ಳಗೆ. ಎಲೆ ದಂಟಿಗೆ ಸೇರೋ ಕಡೆ ಒಂದೆರಡು ಉದ್ದ ಕೂದ್ಲು. ತೆನೆ ಕಡ್ಡಿಗಳು ರಾಗಿ ಥರ ಒಳಗೆ ಬಾಗಲ್ಲ, ಬೆರಳು ಬಿಡಿಸಿದ ಹಾಗೆ ನೆಟ್ಟಗೆ."

ತಲೆದೂಗುತ್ತಿದ್ದ ಮುನಿವೆಂಕಟಮ್ಮ ನಡುವೆ ನಿಲ್ಲಿಸಿದಳು. ಚಪ್ಪಟೆ ಬುಡದ ಮಾತು ತಾನು ಹೇಳಿದ್ದು. ಕೂದಲಿನ ಮಾತನ್ನಾಗಲಿ, ತೆನೆಯ ಮಾತನ್ನಾಗಲಿ ತಾನು ಹೇಳಿರಲಿಲ್ಲ.

"ಇದೆಲ್ಲ ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು ಅಮ್ಮ."

"ಜೇಕು?"

"ಅದೂ ಗೊತ್ತಿತ್ತು." ನಿಶಾತ್ ನೆಲ ನೋಡುತ್ತ ಹೇಳಿದಳು. "ಹುಲ್ಲು ನೋಡಿ ನಾನೊಬ್ಳೇ ಬರೆದ್ರೆ ಸಾಲ್ತಿರ್ಲಿಲ್ಲ. ಊರವರ ಬಾಯಿಂದಾನೇ ಬರ್ಬೇಕಿತ್ತು. ನೀವು ಸುಳ್ಳು ಹೇಳ್ತಿದ್ದೀರಿ ಅಂತ ಗೊತ್ತಾಯ್ತು. ನಾನು ತಪ್ಪು ಹೆಸ್ರು ಹೇಳಿದ್ರೆ, ಕಳೆ ಕಿತ್ತು ಗೊತ್ತಿರೋ ನೀವು ಸುಮ್ನಿರಲ್ಲ ಅನ್ನಿಸ್ತು. ಕ್ಷಮಿಸಿ ಅಮ್ಮ, ಅದನ್ನ ಹೇಳೋಕೇ ಬಂದೆ."

ಅವಳು ಮಾಡಿದ್ದು ತಪ್ಪೆಂದು ಯಾರು ತಾನೇ ಹೇಳಿಯಾರು? ಗೋಮಾಳ ಊರಿನದು, ಸುಳ್ಳು ಹೇಳಿದವಳು ಮುನಿವೆಂಕಟಮ್ಮ. ನ್ಯಾಯವೆಲ್ಲ ಹುಡುಗಿಯ ಕಡೆಗೇ ಇತ್ತು. ಆದರೂ ಸೈಟು ಹೋದಾಗ ಬಾರದಿದ್ದ ನೀರು ಮುನಿವೆಂಕಟಮ್ಮನ ಕಣ್ಣಿಗೆ ಈಗ ಬಂತು.

"ಅಂಗಾದ್ರೆ ನಾನು ನಿಂಗೆ ಏನೂ ಕಲಿಸ್ಲಿಲ್ಲ," ಎಂದಳು.

ನಿಶಾತ್ ಅವಳ ಕೈ ಹಿಡಿಯಲು ಹೋದಳು. ಮುನಿವೆಂಕಟಮ್ಮ ಕೈಯನ್ನು ಹಿಂದಕ್ಕೆಳೆದುಕೊಂಡು ಗಂಟನ್ನು ಮತ್ತೆ ಮುಂದಕ್ಕೆಳೆದಳು.

"ಎದ್ದೋಗವ್ವ. ಪಾತ್ರೆ ಕಟ್ಬೇಕು, ಚಾಪೆನೂ ಸುತ್ಬೇಕು."