ನಿಂತು ಸೀನಿದವರು

ಸೀನು ಬರುವ ಸೂಚನೆ ಸಿಕ್ಕರೆ ಸಾಕು, ಅತ್ತೆ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು, ಸಿಕ್ಕಲ್ಲಿ ಕೂತು, ಕಾಲಿಗೆ ಕಾಲು ಹೆಣೆದುಕೊಂಡು ಆಮೇಲೆ ಸೀನುತ್ತಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ ಅದನ್ನು ನೋಡಿ ಮುಸಿಮುಸಿ ನಕ್ಕದ್ದುಂಟು.

ಸೊಸೆ ಒಣಮೆಣಸಿನಕಾಯಿ ಮಂಡಿಯಲ್ಲಿ ಹರಾಜು ಕೂಗುವವಳು. ಮಂಡಿಯವರು ಅವಳಿಗೆ ಇಟ್ಟ ಹೆಸರು ಕಂಚು. ಮೂಟೆಗಳ ನಡುವಿನ ಕಟ್ಟೆ ಹತ್ತಿ ಅವಳು ದರ ಕೂಗಿದರೆ, ಬೀದಿಯಾಚೆ ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತ ವ್ಯಾಪಾರಿಯೂ ಅಲ್ಲಿಂದಲೇ ಕೈಯೆತ್ತುತ್ತಿದ್ದ. ಆ ಘಾಟಿನಲ್ಲಿ ಗಂಡಸರು ಎರಡು ಮಾತಿಗೊಮ್ಮೆ ಕೆಮ್ಮುವಾಗ ಇವಳ ದನಿ ಅಲುಗುತ್ತಿರಲಿಲ್ಲ. ಕಟ್ಟೆಯನ್ನು ಯಾರೂ ಅವಳಿಗೆ ದಾನ ಕೊಟ್ಟಿರಲಿಲ್ಲ, ಗಂಟಲಿನಿಂದ ಗೆದ್ದುಕೊಂಡಿದ್ದಳು.

ಈಗ ಅವಳು ಬಾಣಂತಿ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕಿಟಕಿಗೆ ಅಗುಳಿ. ಬೆಳಗಾದರೆ ಅತ್ತೆ ಮೈಗೆಲ್ಲ ಎಣ್ಣೆ ತಿಕ್ಕಿ, ಸೊಂಟಕ್ಕೆ ಬಿಸಿಬಿಸಿ ನೀರು ಎರೆದು, ಉದ್ದನೆಯ ಬಟ್ಟೆಯಿಂದ ಮೂಟೆ ಬಿಗಿದ ಹಾಗೆ ಹೊಟ್ಟೆ ಬಿಗಿಯುತ್ತಿದ್ದಳು.

"ಅತ್ತೆ, ಉಸಿರು ಕಟ್ಟುತ್ತೆ."

"ಕಟ್ಟಲಿ. ಬಾಯಾದ್ರೂ ಮುಚ್ಚುತ್ತಲ್ಲ. ಬಾಣಂತಿ ಕೂಗಬಾರದು."

"ಜೈಲಲ್ಲೂ ಕಿಟಕಿ ತೆಗೀತಾರೆ."

"ಜೈಲಲ್ಲಿ ನಿನ್ನ ಮಗು ಬಟ್ಟೆ ಯಾರು ಒಗೀತಾರೆ? ಸುಮ್ನೆ ತಿರುಗಿ ನಿಲ್ಲೇ."

ಗಂಡ ಅದೇ ಮಂಡಿಯಲ್ಲಿ ಮೂಟೆ ತೂಗುವವನು. ಒಂದು ಸಂಜೆ ಬಂದವನೇ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತ.

"ಮಂಡಿ ನಡೆಸೋ ಮೇಸ್ತ್ರಿಯ ಅಳಿಯ ಇವತ್ತು ಕೈ ಮೈಕು ಹಿಡ್ಕೊಂಡು ಕಟ್ಟೆ ಹತ್ತಿದ. ಮೇಸ್ತ್ರಿ ಹೇಳಿದ, ಹೊಸ ಬೆಳೆ ಹರಾಜಿಗೆ ನೀನು ಬಂದು ಮೊದಲಿನ ಹಾಗೆ ಕೂಗಿದ್ರೆ ಸರಿಯಂತೆ. ಇಲ್ಲಾಂದ್ರೆ ಕಟ್ಟೆ ಅವನಿಗೇ ಅಂತೆ."

"ಅವನ ಗಂಟಲು ಹೇಗಿದೆ?"

"ಗಂಟಲೆಲ್ಲಿ ಬಂತು? ಬ್ಯಾಟರಿ ಇದೆ."

ಮರುದಿನ ಅತ್ತೆ ಸೋಪು ತರಲು ಹೋದದ್ದೇ ತಡ, ಸೊಸೆ ಕಿವಿಯ ಹತ್ತಿ ಕಿತ್ತೆಸೆದು, ಹೊಟ್ಟೆಯ ಬಟ್ಟೆ ಬಿಚ್ಚಿ ಹಿತ್ತಲಿಗೆ ಬಂದಳು. ಒಣಹಾಕಿದ ಬಟ್ಟೆಗಳ ಎದುರು ಕಾಲು ಊರಿ ನಿಂತು, ಎದೆ ತುಂಬ ಉಸಿರೆಳೆದು ಕೂಗಿದಳು. ಪಂಕ್ಚರಾದ ಟ್ಯೂಬಿನಿಂದ ಗಾಳಿ ಹೋದ ಸದ್ದು ಬಂತು. ಇನ್ನೊಮ್ಮೆ, ಹಲ್ಲು ಕಚ್ಚಿ, ಬಲ ಹಾಕಿ ಕೂಗಿದಳು. ದನಿ ಬರಲಿಲ್ಲ. ತೊಡೆಯ ಮೇಲೆ ಬೆಚ್ಚಗೆ ಏನೋ ಇಳಿಯಿತು. ಕೆಳಗೆ ನೋಡಿದಳು. ಉಚ್ಚೆ.

ತಲೆಯೆತ್ತಿದರೆ ಬಾಗಿಲಲ್ಲಿ ಅತ್ತೆ, ಕೈಯಲ್ಲಿ ಸೋಪು.

ಅತ್ತೆ ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಒಣಗಿದ್ದ ಟವೆಲ್ಲೊಂದನ್ನು ಎಳೆದು ಕೊಟ್ಟು, ಒಗೆಯುವ ಕಲ್ಲಿನ ಮೇಲೆ ಕೂತಳು.

"ನನಗೂ ಹೀಗೇ ಆಯ್ತು. ನಿನ್ನ ಗಂಡ ಹುಟ್ಟಿದಾಗ ಬಾಣಂತನ ಮಾಡೋರು ಯಾರಿದ್ರು? ಹಸಿ ಮೈಯಲ್ಲೇ ಇಟ್ಟಿಗೆ ಹೊರೋಕೆ ಹೋದೆ. ಅವತ್ತಿಂದ ಸೀನು ಬಂದ್ರೆ ಕೂರೋದೇ."

ಸೊಸೆಗೆ ತಾನು ನಕ್ಕದ್ದು ನೆನಪಾಗಿ ಮುಖ ಬಿಸಿಯಾಯಿತು. "ಮೊದ್ಲೇ ಯಾಕೆ ಹೇಳ್ಲಿಲ್ಲ ನೀವು?"

"ಹೇಳೋ ವಿಷಯವೇನೇ ಇದು?"

"ಅಲ್ವಾ ಮತ್ತೆ? ನೀವು ಹೇಳ್ದೇ ಇದ್ದಿದ್ದಕ್ಕೇ ನಾನು ಕಟ್ಟು ಬಿಚ್ಚಿ ಹಾಕಿದ್ದು."

ಅತ್ತೆ ಎದ್ದು ಒಳಗೆ ಹೋಗಿ, ಬಿಚ್ಚಿ ಹಾಕಿದ್ದ ಬಟ್ಟೆಯನ್ನು ಎತ್ತಿಕೊಂಡು ಬಂದಳು.

ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ಸೊಸೆ ನರ್ಸಮ್ಮನನ್ನು ನೇರವಾಗಿ ಕೇಳಿಯೇ ಬಿಟ್ಟಳು. ನರ್ಸಮ್ಮನಿಗೆ ಅದು ದಿನಾ ಕೇಳುವ ಮಾತು. "ಉಚ್ಚೆ ತಡೆದ ಹಾಗೆ ಒಳಗಿನಿಂದ ಬಿಗಿಹಿಡೀರಿ, ಸಡಿಲಿಸಿ, ಮತ್ತೆ ಬಿಗಿಹಿಡೀರಿ. ಹೊಟ್ಟೆಗೆ ಬಟ್ಟೆ ಕಟ್ಟಿಕೊಳ್ಳಿ, ಸೊಂಟಕ್ಕೆ ಆಸರೆ ಸಿಗುತ್ತೆ. ಆದ್ರೆ ಇಷ್ಟು ಬಿಗಿ ಬೇಡ, ಭಾರವೆಲ್ಲ ಕೆಳಗೆ ಬೀಳುತ್ತೆ. ಯಾರು ಕಟ್ಟಿದ್ದು ಇದನ್ನ?"

ಅತ್ತೆ ಬಾಗಿಲ ಬಳಿ ಮಗುವನ್ನು ತೂಗುತ್ತ ಗೋಡೆ ನೋಡುತ್ತಿದ್ದಳು, ಕಿವಿ ಮಾತ್ರ ಇತ್ತ ಇತ್ತು.

ಮರುದಿನ ಕಟ್ಟು ಬದಲಾಯಿತು. ಬಟ್ಟೆ ಸೊಂಟದ ಮೂಳೆಯ ಹತ್ತಿರದಿಂದ ಶುರುವಾಗಿ, ಕಿಬ್ಬೊಟ್ಟೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದಂತೆ ಕೂತಿತು. ಅತ್ತೆಯೇ ಕಿಟಕಿಯ ಅಗುಳಿ ತೆಗೆದಳು. ಎಣ್ಣೆ, ಬಿಸಿನೀರು, ಬೇಯಿಸಿದ ಊಟ, ಮಧ್ಯಾಹ್ನದ ನಿದ್ದೆ ಯಾವುದರಲ್ಲೂ ರಿಯಾಯಿತಿ ಇರಲಿಲ್ಲ. ಅದಾದ ಮೇಲೆ ಅತ್ತೆ ಸೊಸೆ ಇಬ್ಬರೂ ಚಾಪೆಯ ಮೇಲೆ ಪಕ್ಕಪಕ್ಕ ಮಲಗಿ, ಮೊಣಕಾಲು ಮಡಚಿ, ಸೂರು ನೋಡುತ್ತ ಬಿಗಿಹಿಡಿಯುವುದು, ಸಡಿಲಿಸುವುದು.

ಒಮ್ಮೆ ಗಂಡ ಒಳಬಂದ. "ಏನ್ ಮಾಡ್ತಿದೀರಿ ಇಬ್ರೂ?"

"ಕೆಲಸ. ಬಾಗಿಲು ಹಾಕ್ಕೊಂಡು ಹೋಗೋ" ಎಂದಳು ಅತ್ತೆ.

ಹೊಸ ಬೆಳೆ ಬಂತು. ಮಗುವನ್ನೆತ್ತಿಕೊಂಡು ಗಂಡ ಘಾಟು ತಲುಪದಷ್ಟು ದೂರದ ಚಹಾದಂಗಡಿಯಲ್ಲಿ ಕೂತ. ಮೂಟೆಗಳ ಮರೆಯಲ್ಲಿ ಅತ್ತೆ ಹೊಟ್ಟೆಯ ಬಟ್ಟೆಗೆ ಕೊನೆಯ ಗಂಟು ಹಾಕಿ, ಸೊಸೆಯ ಬೆನ್ನಿಗೊಂದು ಗುದ್ದು ಕೊಟ್ಟಳು. "ಹೋಗು."

ಕಟ್ಟೆಯ ಬಳಿ ಮೇಸ್ತ್ರಿಯ ಅಳಿಯ ಹಲ್ಲು ಬಿಟ್ಟ. "ಅಕ್ಕಾ, ಕಷ್ಟ ಆದ್ರೆ ಮೈಕು ಕೊಡ್ಲಾ?"

"ಇಟ್ಕೊಳಪ್ಪ. ಕೂಗಿದ್ರೆ ನಿನ್ನ ಹೆಂಡ್ತಿ ಓ ಅನ್ನಲ್ವಂತೆ, ಮನೇಲಿ ಬೇಕಾಗುತ್ತೆ."

ಮಂಡಿ ನಕ್ಕಿತು. ಅವಳು ಕೂಗಿದಳು. ಮೊದಲ ಕೂಗು ಎದುರಿನ ಮೂಟೆ ದಾಟಿ ಅಲ್ಲೇ ಬಿತ್ತು. ಮೇಸ್ತ್ರಿ ಗಡ್ಡ ತುರಿಸಿಕೊಂಡ. ಅಷ್ಟರಲ್ಲಿ ಯಾರೋ ಹೊಸ ಮೂಟೆಯ ಬಾಯಿ ಸೀಳಿದರು. ಕೆಂಪು ಧೂಳು ಭುಗ್ಗೆಂದು ಎದ್ದಿತು. ಎಂದೂ ಆಗದ್ದು ಈಗ ಆಯಿತು, ಅವಳಿಗೆ ಮೂಗಿನ ಬುಡದಲ್ಲಿ ಸೀನು ಕಟ್ಟಿಕೊಂಡಿತು. ಕಟ್ಟೆಯ ಮೇಲೆ ಕೂರಲು ಜಾಗವಿಲ್ಲ. ಊರಿಗೆ ಊರೇ ನೋಡುತ್ತಿದೆ.

ಬಿಗಿಹಿಡಿದಳು. ಸೀನಿದಳು.

ತೊಡೆ ಒಣಗಿಯೇ ಇತ್ತು. ಒಂದು ಹನಿ ಇಲ್ಲ.

ಆಮೇಲಿನ ಕೂಗು ಗಂಟಲಿನದಲ್ಲ. ಬಟ್ಟೆ ಹಿಡಿದಿದ್ದ ಜಾಗದಿಂದ ಎದ್ದು, ತಗಡಿನ ಸೂರಿಗೆ ಬಡಿದು, ಬೀದಿ ದಾಟಿತು. ಕ್ಷೌರದಂಗಡಿಯ ಬಾಗಿಲಲ್ಲಿ ನೊರೆ ಮೆತ್ತಿದ ಮುಖವೊಂದು ಇಣುಕಿ ಕೈಯೆತ್ತಿತು. "ಕಂಚು ಬಂತಪ್ಪೋ!" ಎಂದು ಹಮಾಲರು ಸಿಳ್ಳೆ ಹೊಡೆದರು. ಮೇಸ್ತ್ರಿ ತನ್ನ ಅಳಿಯನ ಕಡೆ ತಿರುಗಿ, "ಬ್ಯಾಟರಿ ತೆಗೆದಿಡು, ಸುಮ್ನೆ ಖರ್ಚಾಗುತ್ತೆ" ಎಂದ.

ಧೂಳು ಅಷ್ಟೊತ್ತಿಗೆ ಮೂಟೆಗಳ ಹಿಂದಕ್ಕೂ ಹೋಗಿತ್ತು. ಅತ್ತೆಯ ಮೂಗು ಅರಳಿದ್ದು ಸೊಸೆಗೆ ಕಟ್ಟೆಯ ಮೇಲಿಂದಲೇ ಕಂಡಿತು. ಅತ್ತೆ ಅಭ್ಯಾಸಬಲದಿಂದ ಕೂರಲು ಬಗ್ಗಿದವಳು, ಏನೋ ನೆನಪಾಗಿ ನೆಟ್ಟಗಾದಳು. ಕಣ್ಣು ಮುಚ್ಚಿ, ಮುಷ್ಟಿ ಕಟ್ಟಿ, ನಿಂತೇ ಸೀನಿದಳು.

ಸೊಸೆ ಹುಬ್ಬು ಹಾರಿಸಿ ಕೇಳಿದಳು, ಏನಾಯ್ತು?

"ಮುಕ್ಕಾಲು ಪಾಲು ಗೆದ್ದೆ ಕಣೇ!" ಮಂಡಿಗೆಲ್ಲ ಕೇಳುವ ಹಾಗೆ ಅತ್ತೆ ಅರಚಿದಳು. "ನನ್ನನ್ನೇನು ನೋಡ್ತೀಯ, ನೀನು ಕೂಗು!"

ಅವಳು ಕೂಗಿದಳು.