ಚಾಪೆಯ ಪೆಟ್ಟಿಗೆ

ಅಕಾನೇಸಿ ಅತ್ತೆ ಹಾಸಿಗೆಯ ಒಂದು ತುದಿಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಅದರಡಿಯಿಂದ ಚಾಪೆಯ ಮೂಲೆಯನ್ನು ಮೆಲ್ಲಗೆ ಹೊರಗೆಳೆದಳು. ಎಳೆದವಳು ಒಮ್ಮೆಲೇ ನಿಂತುಬಿಟ್ಟಳು. ಮೂಲೆಯಲ್ಲಿ ಅಂಗೈಯಷ್ಟು ಜಾಗ ಹರಿದು ಜೂಲಾಗಿತ್ತು.

"ಇದೇನೇ ಪಿಸಿಲಾ?"

ಪಿಸಿಲಾ ಬಗ್ಗಿ ನೋಡಿದಳು. ಇಲಿ ಕಡಿದ ಗುರುತು. ಹೋದ ವಾರ ಬಿಸಿಲಿಗೆ ಹಾಕಿದಾಗ ಇರಲಿಲ್ಲ. ಅವಳ ಕಿವಿಯಿಂದ ಕುತ್ತಿಗೆಯವರೆಗೂ ಬಿಸಿಯಾಯಿತು.

"ನಿಮ್ಮಮ್ಮ ಇದನ್ನ ಇಲಿ ಬಾಣಂತನಕ್ಕೆ ಅಂತ ನೇಯ್ದಳೇನೇ?" ಎಂದಳು ಅತ್ತೆ. ದನಿ ಏರಿಸಲಿಲ್ಲ. ಅವಳು ದನಿ ಏರಿಸಬೇಕಾದ ಅಗತ್ಯ ಆ ದ್ವೀಪದಲ್ಲಿ ಯಾವತ್ತೂ ಬಿದ್ದಿರಲಿಲ್ಲ. ಅಪ್ಪನ ಅಕ್ಕ ಎಂದಮೇಲೆ ಮುಗಿಯಿತು. ತಮ್ಮನ ಮಕ್ಕಳ ಮನೆಯಲ್ಲಿ ಅವಳು ಬೆರಳು ತೋರಿಸಿದ್ದು ಅವಳದು, ಬೇಡ ಎಂದದ್ದು ಬೇಡ.

ಕೇದಗೆಯ ಗರಿಯನ್ನು ಸಮುದ್ರದ ನೀರಿನಲ್ಲಿ ನೆನೆಹಾಕಿ, ಬಿಸಿಲಿಗೆ ಬಿಳಿಚಿಸಿ, ನೂಲಿನಷ್ಟು ಸಣ್ಣಗೆ ಸೀಳಿ ನೇಯ್ದ ಚಾಪೆ ಅದು. ಬಟ್ಟೆಯಂತೆ ಮಡಚಬಹುದಾಗಿತ್ತು. ಪಿಸಿಲಾಳ ತಾಯಿಯ ಕೊನೆಯ ಕೆಲಸ. ಕೈಬೆರಳು ಸೊಟ್ಟಗಾಗಿ ಎಳೆ ಹಿಡಿಯಲಾರದೆ ಹೋದಾಗ ಆಕೆ ಗೋಡೆಗೊರಗಿ ಕೂತು ಹೇಳಿಕೊಟ್ಟಳು, ಪಿಸಿಲಾ ಅಂಚು ಮುಗಿಸಿದಳು. ಎಲ್ಲಿ ತಾಯಿಯ ಕೈ ನಿಂತು ಮಗಳ ಕೈ ಶುರುವಾಯಿತು ಎಂಬುದನ್ನು ಬಲ್ಲವರು ಬೆರಳಿನಿಂದ ಸವರಿಯೇ ಹೇಳುತ್ತಿದ್ದರು. ಮುಂದೆ ಪಿಸಿಲಾಳ ಮಗಳು ಮದುವೆಯಾಗುವ ದಿನ, ಅಲ್ಲಿನ ಪದ್ಧತಿಯಂತೆ, ಆ ಚಾಪೆ ಅವಳ ಸೊಂಟ ಸುತ್ತಬೇಕಿತ್ತು.

"ಬರೋ ಸೋಮವಾರ ಮತ್ತೆ ಬರ್ತೀನಿ," ಎಂದಳು ಅತ್ತೆ. "ಅಷ್ಟರಲ್ಲಿ ಈ ಮೂಲೆ ಸರಿಮಾಡಿ ಇಡು. ಪಟ್ಟಣಕ್ಕೆ ತಗೊಂಡು ಹೋಗ್ತೀನಿ. ನನ್ನ ಮಗಳ ಮನೇಲಿ ಕರ್ಪೂರದ ಮರದ ಪೆಟ್ಟಿಗೆ ಇದೆ."

"ಇಲ್ಲೇ ಇರಲಿ ಅತ್ತೆ."

"ಎಲ್ಲಿ ಇಡ್ತೀಯ? ನಿನ್ನ ತಲೆ ಮೇಲಾ?"

"ಪೆಟ್ಟಿಗೆ ಮಾಡ್ತೀನಿ."

"ಯಾರು? ಟೊಮ್ಯಾಟೊ ಕೀಳೋಕೆ ಆಸ್ಟ್ರೇಲಿಯಾಕ್ಕೆ ಹೋಗಿರೋ ನಿನ್ನ ಗಂಡ ಅಲ್ಲಿಂದಲೇ ಸುತ್ತಿಗೆ ಬೀಸ್ತಾನಾ?"

"ನಾನೇ ಮಾಡ್ತೀನಿ," ಎಂದುಬಿಟ್ಟಳು ಪಿಸಿಲಾ. ಬಾಯಿಂದ ಬಂದಮೇಲೆ ಅವಳಿಗೇ ಗಾಬರಿಯಾಯಿತು.

ಅಕಾನೇಸಿ ಅತ್ತೆ ಮೊದಲು ಅವಳ ಮುಖ ನೋಡಿದಳು, ಆಮೇಲೆ ಕೈ ನೋಡಿದಳು, ಆಮೇಲೆ ನಕ್ಕಳು. ಭಾರೀ ಮೈಯ ಹೆಂಗಸು. ಆ ನಗು ಹೊಟ್ಟೆಯಲ್ಲಿ ಹುಟ್ಟಿ ಹೆಗಲು, ಗಲ್ಲ ಎಲ್ಲವನ್ನೂ ಕುಲುಕಿಸಿಕೊಂಡು ಹೊರಗೆ ಬಂತು. ದೋಣಿ ಹತ್ತುವಾಗಲೂ ಅವಳಿನ್ನೂ ಕಣ್ಣೊರೆಸಿಕೊಳ್ಳುತ್ತಿದ್ದಳು.

ಹೋದ ವರ್ಷದ ಚಂಡಮಾರುತಕ್ಕೆ ಬಿದ್ದ ಹಳೆಯ ಅಡುಗೆ ಗುಡಿಸಲಿನ ಹಲಗೆಗಳು ಜೀಗುಜ್ಜೆ ಮರದ ಕೆಳಗೆ ಒಟ್ಟಿದ್ದವು. ಮರುದಿನ ಪಿಸಿಲಾ ಅವನ್ನು ಒಂದೊಂದಾಗಿ ಎಳೆದು, ಗೆದ್ದಲು ಹಿಡಿದದ್ದನ್ನು ಒಲೆಗೆ ಹಾಕಿ, ಗಟ್ಟಿಯಾದದ್ದನ್ನು ಗೋಡೆಗೆ ಒರಗಿಸಿದಳು. ಹೊಗೆ ಕುಡಿದು ಕಪ್ಪಾಗಿದ್ದ ಹಲಗೆಗಳು. ಆದರೆ ಉಗುರಿನಿಂದ ಗೀರಿದರೆ ಒಳಗೆ ಜೇನಿನ ಬಣ್ಣ ಕಾಣುತ್ತಿತ್ತು. ಪಕ್ಕದ ಮನೆಯ ಫೆಹೋಕೋ ಮೀನು ಹಿಡಿಯುವವನು, ತನ್ನ ದೋಣಿಯ ರಿಪೇರಿ ತಾನೇ ಮಾಡಿಕೊಳ್ಳುತ್ತಿದ್ದ. ಅವನ ಹತ್ತಿರ ಹೋಗಿ ಗರಗಸ, ಸುತ್ತಿಗೆ, ಉಜ್ಜುಗೊರಡು ಕೇಳಿದಳು. ಅವನು ಯಾಕೆ ಎಂದು ಕೇಳದೆ ಕೊಟ್ಟ. ಊರಿಗೆಲ್ಲ ಆಗಲೇ ಗೊತ್ತಾಗಿತ್ತು.

ಸ್ವಲ್ಪ ಹೊತ್ತಿಗೆ ಬೇಲಿಯ ಹತ್ತಿರ ಬಂದು ನಿಂತ.

"ಪಿಸಿಲಾ, ಮರ ಕೊಯ್ತಾ ಇದೀಯೋ ಹಂದಿ ಕೊಯ್ತಾ ಇದೀಯೋ? ಆ ಕಿರುಚಾಟ ಕೇಳಿ ನಮ್ಮ ಹಂದಿಗಳೆಲ್ಲ ಕಾಡಿಗೆ ಓಡಿಹೋದವು."

"ನಿನ್ನ ಗರಗಸಕ್ಕೇ ಹಲ್ಲಿಲ್ಲ ಮಾವ."

"ನನಗೂ ಅರ್ಧ ಉದುರಿವೆ. ಆದ್ರೂ ಕಬ್ಬು ತಿಂತೀನಿ. ಒತ್ತಬೇಡ ಮಾರಾಯ್ತಿ, ಅದರ ಪಾಡಿಗೆ ಅದು ಹೋಗಲಿ, ನೀನು ಹಿಂದೆ ಹೋಗು ಅಷ್ಟೆ." ಸ್ವಲ್ಪ ನಿಂತು ನೋಡಿ ತಡೆಯಲಾರದೆ ಕೇಳಿದ: "ಅರ್ಧ ದಿನದ ಕೆಲಸ. ನಾನು ಮಾಡಿಕೊಡಲಾ?"

ಪಿಸಿಲಾಳ ತೋಳು ಆಗಲೇ ಬಿದ್ದುಹೋಗುವಂತಿತ್ತು. ಹೂಂ ಎಂದರೆ ಮುಗಿದುಹೋಗುತ್ತಿತ್ತು. ಅತ್ತೆ ಬಂದಾಗ "ಯಾರು ಮಾಡಿದ್ದು?" ಎಂದು ಕೇಳುವ ಮುಖವೂ ಕಣ್ಣ ಮುಂದೆ ಬಂತು.

"ಬೇಡ ಮಾವ."

"ಹಾಗಾದ್ರೆ ನಾನು ಕಲ್ಲಂಗಡಿ ತಿಂತಾ ನೋಡ್ತೀನಿ," ಎಂದು ಫೆಹೋಕೋ ಬೇಲಿ ದಾಟಿ ಬಂದು ನೆರಳಲ್ಲಿ ಕೂತ. ಅಂದಿನಿಂದ ಅದೇ ಅವನ ಜಾಗವಾಯಿತು.

ಒತ್ತದೆ ಕೊಯ್ಯುವುದು ಬರಲು ಒಂದು ದಿನ ಹಿಡಿಯಿತು. ಗೆರೆಯ ಮೇಲೆ ಹೊರಟ ಗರಗಸ ದಾರಿ ಬಿಟ್ಟು ಅಂಕುಡೊಂಕಾಗಿ ಹೋಗುತ್ತಿತ್ತು. ಮೊಳೆಗಳು ಅರ್ಧ ಇಳಿದು ಮಂಡಿಯೂರುತ್ತಿದ್ದವು. ಹೆಬ್ಬೆರಳಿನ ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಆದರೆ ಉಜ್ಜುಗೊರಡು ಹಿಡಿದ ಮೇಲೆ ಅವಳಿಗೆ ಬೇರೆಯೇ ಒಂದು ಸುಖ ಸಿಕ್ಕಿತು. ಕಪ್ಪು ಸಿಪ್ಪೆ ಸುರುಳಿ ಸುರುಳಿಯಾಗಿ ಎದ್ದು ಬಂದು, ಕೆಳಗಿನಿಂದ ಹಲಗೆ ಹೊಸದಾಗಿ ಕಣ್ಣುಬಿಡುತ್ತಿತ್ತು. ಅವಳ ಮಕ್ಕಳಿಬ್ಬರೂ ಆ ಸುರುಳಿಗಳನ್ನು ಕಿವಿಗೆ ನೇತುಹಾಕಿಕೊಂಡು ಕುಣಿದರು. ರಾತ್ರಿಯ ಕೆಸುವಿನ ಗೆಡ್ಡೆ ಒಲೆಯ ಮೇಲೆ ಸೀದು ವಾಸನೆ ಬಂದಮೇಲೆಯೇ ಅವಳಿಗೆ ಊಟದ ನೆನಪಾದದ್ದು.

ಗುರುವಾರ ನಾಲ್ಕು ಗೋಡೆಗಳನ್ನೂ ಸೇರಿಸಿ ಮೊಳೆ ಹೊಡೆದಳು. ನಿಂತಿತು. ಬೀಳಲಿಲ್ಲ. ಓಡಿಹೋಗಿ ಮಡಚಿದ ಚಾಪೆಯನ್ನು ತಂದು ಒಳಗಿಳಿಸಿದಳು. ಇಳಿಯಲಿಲ್ಲ. ಎರಡು ಬೆರಳಷ್ಟು ಸಾಲದು. ಚಾಪೆಯ ಉದ್ದಕ್ಕೆ ಸರಿಯಾಗಿಯೇ ಹಲಗೆ ಕೊಯ್ದಿದ್ದಳಲ್ಲ! ಮತ್ತೆ ಮತ್ತೆ ಇಟ್ಟು ನೋಡಿದಳು. ಆಮೇಲೆ ಸುತ್ತಿಗೆಯನ್ನು ಎತ್ತಿ ಬಾಳೆಗಿಡಗಳ ಕಡೆಗೆ ಎಸೆದಳು.

ಸಂಜೆ ಗಂಡ ಸಿತಿವೇನಿಯ ಫೋನು ಬಂತು. ಅವನ ಹಿಂದೆ ಯಾರೋ ಹಾಡುತ್ತಿದ್ದರು, ಪಾತ್ರೆಗಳ ಸದ್ದು ಕೇಳುತ್ತಿತ್ತು.

ಪೆಟ್ಟಿಗೆಯ ಕಥೆಯೆಲ್ಲ ಕೇಳಿಸಿಕೊಂಡು, "ಒಳಗಿನ ಅಳತೆ ತಗೊಂಡ್ಯಾ, ಹೊರಗಿನದಾ?" ಎಂದು ಕೇಳಿದ.

"ಹಲಗೆ ಅಳತೆ ತಗೊಂಡೆ."

"ಹಲಗೆಗೆ ದಪ್ಪ ಅಂತ ಒಂದು ಇರತ್ತಲ್ಲೇ. ಎರಡು ಕಡೆಯ ದಪ್ಪ ಯಾರ ಜಾಗ ತಿನ್ನತ್ತೆ?"

ಪಿಸಿಲಾ ಹಲಗೆಯ ಅಂಚಿನ ಮೇಲೆ ಬೆರಳಿಟ್ಟು ನೋಡಿದಳು. ಆಮೇಲೆ, "ಇದನ್ನ ಈಗ ಹೇಳ್ತೀಯಲ್ಲ!" ಎಂದಳು.

"ನೀನು ಕೇಳಿದ್ಯಾ? ಹೋಗ್ಲಿ ಬಿಡು. ಕೊಯ್ಲು ಮುಗಿಸಿ ಬಂದಮೇಲೆ ನಾನೇ ಮಾಡಿಕೊಡ್ತೀನಿ."

"ನೀನು ಬರೋಷ್ಟರಲ್ಲಿ ಚಾಪೆ ಪಟ್ಟಣ ಸೇರಿರತ್ತೆ."

"ಹಾಗಾದ್ರೆ ಒಂದು ಪ್ಲಾಸ್ಟಿಕ್ ಡಬ್ಬ..."

"ಅಮ್ಮನ ಚಾಪೆ ಪ್ಲಾಸ್ಟಿಕ್ ಡಬ್ಬದಲ್ಲಾ? ಇಡು ಫೋನು!" ಎಂದಳು. ಅವನು ಇಡಲಿಲ್ಲ. ಅವಳೂ ಇಡಲಿಲ್ಲ. ಇಬ್ಬರೂ ನಗತೊಡಗಿದರು. ನಗುತ್ತ ನಗುತ್ತ ಅವಳಿಗೆ ಅಳು ಬಂತು. ಅತ್ತು ಮುಗಿಯುವವರೆಗೂ ಅವನು ಕಾದ. "ಉದ್ದನೆಯ ಹಲಗೆ ಇನ್ನೆರಡು ಉಳಿದಿದ್ಯಾ?" ಎಂದು ಕೊನೆಗೆ ಕೇಳಿದ. ಉಳಿದಿದ್ದವು.

ಶುಕ್ರವಾರ ಬೆಳಗ್ಗೆ ಬಾಳೆಗಿಡಗಳ ಬುಡದಲ್ಲಿ ಸುತ್ತಿಗೆ ಹುಡುಕಿ ತಂದು, ಹೊಡೆದ ಮೊಳೆಗಳನ್ನೆಲ್ಲ ಕಿತ್ತಳು. ಕಿತ್ತ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡಿದಳು. ಈ ಸಲ ಗರಗಸ ಗೆರೆ ಬಿಡಲಿಲ್ಲ. ಫೆಹೋಕೋ ಕಲ್ಲಂಗಡಿಯ ಬೀಜ ಉಗುಳುವುದನ್ನು ಮರೆತು ಬಾಯಿ ತೆರೆದು ಕೂತಿದ್ದ. ಶನಿವಾರ ಮಧ್ಯಾಹ್ನಕ್ಕೆ ಗೋಡೆ, ತಳ, ಮುಚ್ಚಳ ಎಲ್ಲವೂ ಆದವು. ಮುಚ್ಚಳವನ್ನು ಇಬ್ಬರೂ ಹಿಡಿದು ಮೇಲಿಟ್ಟರು.

ಒಂದು ಮೂಲೆಯಲ್ಲಿ ಮುಚ್ಚಳ ಹೊರಗೆ ಚಾಚಿತ್ತು. ಅದರ ಪಕ್ಕದ ಮೂಲೆಯಲ್ಲಿ ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು. ಇಲಿ ಸಂಸಾರ ಸಮೇತ ಹೋಗಿ ಬರುವಷ್ಟು.

"ಮುಚ್ಚಳ ಸೊಟ್ಟ," ಎಂದಳು ಪಿಸಿಲಾ.

"ಮುಚ್ಚಳ ಸರಿಯಾಗಿದೆ. ಪೆಟ್ಟಿಗೇನೇ ಓರೆ ನಿಂತಿದೆ. ಕುಡಿದು ಮನೆಗೆ ಬಂದವನ ಹಾಗೆ," ಎಂದ ಫೆಹೋಕೋ. ನಗಿಸಲೆಂದೇ ಹೇಳಿದ್ದ. ಅವಳು ನಗಲಿಲ್ಲ. ಎಷ್ಟು ತಳ್ಳಿದರೂ ಪೆಟ್ಟಿಗೆ ತನ್ನ ಓರೆ ಬಿಡಲಿಲ್ಲ. ಅಷ್ಟರಲ್ಲಿ ಕತ್ತಲಾಯಿತು. ಮರುದಿನ ಭಾನುವಾರ. ಭಾನುವಾರ ಆ ದ್ವೀಪದಲ್ಲಿ ಯಾರೂ ಸುತ್ತಿಗೆ ಮುಟ್ಟುವುದಿಲ್ಲ, ಬಟ್ಟೆ ಒಗೆಯುವುದಿಲ್ಲ, ಬಲೆ ಬೀಸುವುದಿಲ್ಲ. ಚರ್ಚಿಗೆ ಹೋಗುತ್ತಾರೆ, ನೆಲದ ಗುಂಡಿಯ ಒಲೆಯಲ್ಲಿ ಬೆಂದದ್ದನ್ನು ಉಣ್ಣುತ್ತಾರೆ, ಮಲಗುತ್ತಾರೆ.

ಪಿಸಿಲಾ ಚರ್ಚಿಗೆ ಹೋದಳು. ಊರಿನವರೆಲ್ಲ ಗಂಟಲು ತೆರೆದು ಹಾಡುವಾಗ ಅವಳ ಬಾಯಿ ಆಡುತ್ತಿತ್ತು, ಕಣ್ಣು ಮಾತ್ರ ಕಿಟಕಿಯ ಚೌಕಟ್ಟು, ಬೆಂಚಿನ ಮೂಲೆ, ಬಾಗಿಲಿನ ಮೂಲೆಗಳ ಮೇಲೆ ಅಲೆಯುತ್ತಿತ್ತು. ಎಲ್ಲವೂ ನೆಟ್ಟಗಿದ್ದವು. ಲೋಕದಲ್ಲಿ ಓರೆಯಾದದ್ದು ತನ್ನದೊಂದೇ ಎನ್ನಿಸಿತು. ಹೊರಗೆ ಬಂದಾಗ ಹೆಂಗಸರು, "ಪೆಟ್ಟಿಗೆ ಆಯ್ತಂತಲ್ಲ, ಬಡಗಿಯಮ್ಮ?" ಎಂದು ಕಿಸಕ್ಕೆಂದರು. "ಆಯ್ತು," ಎಂದಳು.

ಊಟವಾದ ಮೇಲೆ ಮಕ್ಕಳ ಪಕ್ಕದಲ್ಲಿ ನೆಲದ ಮೇಲಿನ ಚಾಪೆಯಲ್ಲಿ ಒರಗಿದಳು. ಅವಳು ಹುಡುಗಿಯಾಗಿದ್ದಾಗ ನೇಯ್ದ ಮೊದಲ ಚಾಪೆ ಅದು. ಒರಟು, ಸವೆದು ಹಳದಿಯಾಗಿತ್ತು. ನೇಯುವಾಗ ಅದೂ ಓರೆ ಹೋಗಿತ್ತು. ಹರಿದು ಹಾಕುತ್ತೇನೆಂದು ಹಠ ಮಾಡಿ ಕೂತಿದ್ದಳು. ಆಗ ತಾಯಿ ಪಕ್ಕದಲ್ಲಿ ಮಂಡಿಯೂರಿ, ಒಂದು ಮೂಲೆಯಿಂದ ಎದುರು ಮೂಲೆಗೆ ಗರಿಯ ಎಳೆಯೊಂದನ್ನು ಹಿಡಿದಿದ್ದಳು. ಅದೇ ಎಳೆಯನ್ನು ಇನ್ನೊಂದು ಜೊತೆ ಮೂಲೆಗಳಿಗೆ ಹಿಡಿದಿದ್ದಳು. ಒಂದು ಉದ್ದ, ಒಂದು ಗಿಡ್ಡ. "ಉದ್ದ ಇರೋ ಕಡೆಯಿಂದ ಒಳಕ್ಕೆ ಎಳಿ. ಎರಡೂ ಸಮ ಆದಾಗ ತಾನಾಗೇ ನೆಟ್ಟಗಾಗತ್ತೆ. ಸಿಟ್ಟು ಮಾಡ್ಕೊಂಡ್ರೆ ಅದಕ್ಕೇನು ಗೊತ್ತಾಗತ್ತೆ?"

ಪಿಸಿಲಾ ಎದ್ದು ಕೂತಳು. ಪೆಟ್ಟಿಗೆ ಅಂಗಳದಲ್ಲಿ ಜೀಗುಜ್ಜೆಯ ನೆರಳಲ್ಲಿತ್ತು. ಮುಟ್ಟುವಂತಿರಲಿಲ್ಲ. ಸಂಜೆಯವರೆಗೂ ಅದನ್ನೇ ನೋಡುತ್ತ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು.

ಸೋಮವಾರ ಕೋಳಿ ಕೂಗುವ ಹೊತ್ತಿಗೆ ತಳದ ಹಲಗೆಗಳನ್ನು ಎಬ್ಬಿಸಿದಳು. ಕೇದಗೆಯ ಎಳೆ ಹಿಡಿದು ನೋಡಿದರೆ ಸರಿಯೇ, ಒಂದು ಕಡೆ ಮೂರು ಬೆರಳು ಹೆಚ್ಚು. ಆ ಎರಡು ಮೂಲೆಗಳಿಗೆ ಹಗ್ಗ ಸುತ್ತಿ, ಹಗ್ಗದ ನಡುವೆ ಕೋಲು ತೂರಿಸಿ, ಕಾಯಿಹಾಲು ಹಿಂಡುವಾಗ ನಾರು ತಿರುಚುವಂತೆ ತಿರುಚತೊಡಗಿದಳು. ಹಲಗೆ ನರಳಿತು. ಮತ್ತೆ ತಿರುಚಿದಳು. ಎಳೆ ಹಿಡಿದಳು. ಇನ್ನೊಂದು ಬೆರಳು. ಮತ್ತೊಂದು ಸುತ್ತು. ಎಳೆ ಈ ಮೂಲೆಯಿಂದ ಆ ಮೂಲೆಗೆ, ಆ ಮೂಲೆಯಿಂದ ಈ ಮೂಲೆಗೆ ಒಂದೇ ಸಮ ನಿಂತಿತು. ಹಗ್ಗ ಬಿಚ್ಚದೆಯೇ ತಳದ ಹಲಗೆಗಳಿಗೆ ಮೊಳೆ ಹೊಡೆದಳು. ಹಗ್ಗ ಬಿಚ್ಚುವಾಗ ಉಸಿರು ಹಿಡಿದಿದ್ದಳು. ಪೆಟ್ಟಿಗೆ ಕದಲಲಿಲ್ಲ.

ಬೇಲಿಯಾಚೆಯಿಂದ ಹಲ್ಲುಜ್ಜುತ್ತ ಬಂದ ಫೆಹೋಕೋ ಮುಚ್ಚಳದ ಇನ್ನೊಂದು ತುದಿ ಹಿಡಿದ. ಮುಚ್ಚಳ ಕೂತಿತು. ನಾಲ್ಕೂ ಕಡೆ ಸಮ. ಅವನು ಸುತ್ತ ಒಮ್ಮೆ ನಡೆದು ನೋಡಿ, ಬಾಯಿಯ ನೊರೆ ಉಗುಳಿ, ಬೀದಿಗೆಲ್ಲ ಕೇಳುವಂತೆ "ಹೋ!" ಎಂದು ಕೂಗಿದ. ಪಿಸಿಲಾ ಕುಣಿದಳು. ಮೂವತ್ತು ದಾಟಿದ ಹೆಂಗಸು, ಕೈಯಲ್ಲಿ ಸುತ್ತಿಗೆ, ತಲೆಯ ತುಂಬ ಮರದ ಹೊಟ್ಟು, ಅಂಗಳದ ನಡುವೆ ಒಬ್ಬಳೇ ಕುಣಿದಳು.

ಕೀಲು ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಳಗೆ ತಂದಿಡುವ ಹೊತ್ತಿಗೆ ಉಬ್ಬರವೇರಿ ಅತ್ತೆಯ ದೋಣಿ ಬಂತು.

ಅಕಾನೇಸಿ ಅತ್ತೆ ಬಾಗಿಲಲ್ಲೇ ನಿಂತು ಪೆಟ್ಟಿಗೆಯನ್ನು ನೋಡಿದಳು. ಒಳಗೆ ಬಂದು ಗೆಣ್ಣಿನಿಂದ ತಟ್ಟಿದಳು. ಮುಚ್ಚಳ ಎತ್ತಿ ಮೂಗು ತೂರಿಸಿ ಮೂಸಿದಳು. ಮೂಲೆ ಮೂಲೆಗೂ ಕಿರುಬೆರಳು ಹಾಕಿ ತಡವಿದಳು.

"ಇಲ್ಲಿ ಸಂದಿ ಇದೆ."

"ಇಲಿ ಹೋಗಲ್ಲ ಅತ್ತೆ."

"ಜಿರಲೆ ಹೋಗತ್ತೆ."

"ಗಂಧದ ಚಕ್ಕೆ ಹಾಕ್ತೀನಿ."

"ಯಾರು ಮಾಡಿದ್ದು?"

ಪಿಸಿಲಾ ಎರಡೂ ಕೈ ಮುಂದೆ ಚಾಚಿದಳು. ನೇರಳೆ ಉಗುರು, ಗುಳ್ಳೆ ಒಡೆದ ಅಂಗೈ, ಗೀರು. ಅತ್ತೆ ಆ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ಪೆಟ್ಟಿಗೆಗೆ ಬೆನ್ನು ಮಾಡಿ ನಿಂತು, ಅದರ ಮೇಲೆ ಕೂತಳು.

ಬಾಗಿಲಲ್ಲಿ ಇಣುಕುತ್ತಿದ್ದ ಫೆಹೋಕೋ ಕಣ್ಣು ಮುಚ್ಚಿಕೊಂಡ. ಅತ್ತೆ ಕೂತ ಕುರ್ಚಿಗಳ ಕಥೆ ಊರಿಗೆಲ್ಲ ಗೊತ್ತಿತ್ತು. ಪೆಟ್ಟಿಗೆ ಒಮ್ಮೆ ಕಿರ್ ಎಂದಿತು. ಅಷ್ಟೆ. ಅತ್ತೆ ಎರಡೂ ಕಾಲುಗಳನ್ನು ನೆಲದಿಂದ ಎತ್ತಿ, ಇನ್ನೊಮ್ಮೆ ಎದ್ದು ಧೊಪ್ಪೆಂದು ಕೂತಳು. ಈ ಸಲ ಕಿರ್ ಎಂದೂ ಅನ್ನಲಿಲ್ಲ.

"ಚಹಾ ಇದೆಯೇನೇ?" ಎಂದಳು.

ಚಹಾ ಕುಡಿದು ಎದ್ದು ಚಾಪೆ ತರಲು ಹೇಳಿದಳು. ಹರಿದ ಮೂಲೆಗೆ ಪಿಸಿಲಾ ಹೊಸ ಎಳೆ ಸೇರಿಸಿ ನೇಯ್ದಿದ್ದಳು. ಅತ್ತೆ ಅದರ ಮೇಲೆ ಬೆರಳಾಡಿಸಿ, ಅಲ್ಲಿಂದ ಅಂಚಿನುದ್ದಕ್ಕೂ ಸವರುತ್ತ ಹೋಗಿ ಒಂದು ಕಡೆ ನಿಂತಳು. "ಇಲ್ಲಿಗೆ ಅವಳು ನಿಲ್ಲಿಸಿದ್ದು," ಎಂದಳು ತನ್ನಷ್ಟಕ್ಕೆ. ಇಬ್ಬರೂ ಸೇರಿ ಚಾಪೆಯನ್ನು ಒಳಗಿಳಿಸಿದರು. ಸುತ್ತಲೂ ಬೆರಳಷ್ಟು ಜಾಗ ಬಿಟ್ಟು ಅದು ತಳದಲ್ಲಿ ಮಲಗಿತು. ಮುಚ್ಚಳ ಬಿತ್ತು. ಅತ್ತೆ ಮತ್ತೆ ಅದರ ಮೇಲೆ ಕೂತಳು.

ದಡದಿಂದ ದೋಣಿಯವನು ಕೂಗಿದ: "ಅಮ್ಮಾ, ಸಾಮಾನು ಏನಿದೆ? ಹೊತ್ತು ತರಬೇಕಾ?"

"ಸಾಮಾನು ಏನೂ ಇಲ್ಲ ಕಣೋ," ಎಂದು ಅತ್ತೆ ಕೂತಲ್ಲಿಂದಲೇ ಕೂಗಿ ಹೇಳಿದಳು. "ನಾನೊಬ್ಬಳೇ. ಊಟ ಮಾಡ್ಕೊಂಡು ಬರ್ತೀನಿ, ಇರು."

ಊಟ ಮಾಡಿದಳು. ಕೆಸುವಿನೆಲೆಯಲ್ಲಿ ಬೇಯಿಸಿದ ಮೀನನ್ನು ಎರಡು ಸಲ ಹಾಕಿಸಿಕೊಂಡಳು. ಬಿಸಿಲು ಏರಿತು. ಪೆಟ್ಟಿಗೆಯ ಮೇಲೆ ಕೂತಲ್ಲೇ ಗೋಡೆಗೆ ಒರಗಿದ ಅತ್ತೆಯ ಕೈಯಿಂದ ಬೀಸಣಿಗೆ ಜಾರಿ ಬಿತ್ತು. ಮಕ್ಕಳು ಬಾಯಿಯ ಮೇಲೆ ಬೆರಳಿಟ್ಟುಕೊಂಡು ಹೊರಗೆ ಓಡಿದರು. ಪಿಸಿಲಾ ಬೀಸಣಿಗೆ ಎತ್ತಿಕೊಂಡು, ಪೆಟ್ಟಿಗೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕಾಲು ಚಾಚಿ ಕೂತಳು. ಮೇಲೆ ಅತ್ತೆ ಗೊರಕೆ ಹೊಡೆಯುತ್ತಿದ್ದಳು. ಆ ಗೊರಕೆ ಹಲಗೆಯೊಳಗಿಂದ ಸಣ್ಣಗೆ ಗುಂಯ್‌ಗುಟ್ಟುತ್ತ ಅವಳ ಬೆನ್ನಿಗೆ ಬಂದು ಮುಟ್ಟುತ್ತಿತ್ತು.